ಸಿರುಗುಪ್ಪ ತನಕದ ಪ್ರಾರ್ಥನೆ

ನಮ್ಮ ಮನೆಯಲ್ಲಿ ಒಂದು ದಿಂಬು ಇದೆ. ತಲೆಗೆ ಇಟ್ಟುಕೊಳ್ಳುವ ದಿಂಬಲ್ಲ, ಮೊಣಕಾಲಿಗೆ ಇಟ್ಟುಕೊಳ್ಳುವ ದಿಂಬು. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನನಗೆ ಪ್ಯಾಂಟುಗಳಿಗೆ ಬೆಲ್ಟಿನ ಪಟ್ಟಿ ಹಚ್ಚುವ ಕೆಲಸ. ಅಲ್ಲಿಂದ ನಾನು ತಂದ ಕತ್ತರಿಸಿದ ತುಂಡುಗಳನ್ನೆಲ್ಲ ಕೂಡಿಸಿ ಅಮ್ಮ ಅದನ್ನು ಹೊಲಿದಿದ್ದಾಳೆ. ಅದರ ಒಂದು ಮೂಲೆಯಲ್ಲಿ ಪ್ಯಾಂಟಿನ ಹಿಂದಿನ ಜೇಬು ಇದ್ದ ಹಾಗೇ ಉಳಿದುಕೊಂಡಿದೆ. ಆ ಜೇಬಿನಲ್ಲಿ ಅಮ್ಮನ ಕನ್ನಡಕ ಮತ್ತು ನಾಲ್ಕು ಪೆಪ್ಪರಮಿಂಟು ಇರುತ್ತವೆ. ಜೀನ್ಸಿನ ಮೇಲೆ ಮಂಡಿಯೂರಿ ದೇವರನ್ನು ಕರೆಯುವ ಕ್ರೈಸ್ತರು ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ, ಸತ್ಯನಾರಾಯಣಪೇಟೆಯಲ್ಲಂತೂ ಒಬ್ಬರಿದ್ದಾರೆ.

ಮೊನ್ನೆ ಆ ದಿಂಬನ್ನು ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದೆ. ಪಕ್ಕದ ಮನೆಯ ಅತ್ತೆ ಕೇಳಿದರು: “ಸಾಮ್ಯಾ, ಏನಪಾ ಅದು? ಗಾಡಿ ಸೀಟೇನು?”

“ಇಲ್ರಿ ಅತ್ತಿ, ಅದು ಅಮ್ಮನ ಮೈಕು,” ಎಂದೆ.

ನಾನು ಸುಳ್ಳು ಹೇಳಲಿಲ್ಲ. ಅಮ್ಮನ ಮೊಣಕಾಲು ಅದಕ್ಕೆ ತಾಗಿದ್ದೇ ತಡ, ದನಿ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಅಮ್ಮ ಸುಗುಣಮ್ಮ, ಅಪ್ಪ ಸುಂದರಪ್ಪ, ನಾನು, ಮೂರೇ ಜನ. ಅಪ್ಪ ಮನೆಗಳಿಗೆ ಬಣ್ಣ ಬಳಿಯುತ್ತಾನೆ. ವಿಶ್ವಾಸಿಗಳ ಮನೆಯಲ್ಲಿ ಗಂಡ ಹೆಂಡಿರು ಜಗಳ ಆಡಬಾರದೆಂದು ಸಭಾಪಾಲಕರು ಹಿಂದೊಮ್ಮೆ ಬೋಧನೆ ಮಾಡಿದ್ದರು. ಅವತ್ತಿನಿಂದ ಇವರಿಬ್ಬರೂ ನೇರವಾಗಿ ಜಗಳ ಆಡಿಲ್ಲ. ಎಲ್ಲವೂ ದೇವರ ಮುಖಾಂತರವೇ.

“ಕರ್ತನೇ,” ಎಂದು ಅಮ್ಮ ಶುರುಮಾಡುತ್ತಾಳೆ, “ಈ ಮನಿಯಾಗ ಒಬ್ಬರು ಅದಾರ. ಮೆಣಸಿನಕಾಯಿ ತರ್ರಿ ಅಂದ್ರ ಬದನಿಕಾಯಿ ತರ್ತಾರ. ಅವರ ನೆನಪು ನಿನ್ನ ಕೈಯಾಗ ಐತಿ, ತಂದೆಯೇ.”

ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾನೆ. “ಸ್ವಾಮೀ, ಎಲ್ಲಾರಿಗೂ ಬಾಯಿ ಕೊಟ್ಟಿ. ಕೆಲವರಿಗೆ ಒಂದೀಟು ಹೆಚ್ಚಿಗಿ ಕೊಟ್ಟಿ. ಅದರ ಜೋಡಿ ಚೀಟಿ ಬರದು ಕೊಡೋ ಬುದ್ಧೀನೂ ಕೊಡು.”

ನಾನು ಎರಡಕ್ಕೂ ಪಕ್ಷಪಾತವಿಲ್ಲದೆ ಆಮೆನ್ ಅನ್ನುತ್ತೇನೆ. ದೇವರು ಆಗ ಏನು ಮಾಡುತ್ತಿರುತ್ತಾನೋ ನನಗೆ ಗೊತ್ತಿಲ್ಲ. ಆದರೆ ಮಾರನೆಯ ದಿನ ಅಪ್ಪನ ಜೇಬಿನಲ್ಲಿ ಚೀಟಿಯೂ ಇರುತ್ತದೆ, ಚೀಲದಲ್ಲಿ ಮೆಣಸಿನಕಾಯಿಯೂ ಇರುತ್ತದೆ. ನಮ್ಮ ಮನೆಯಲ್ಲಿ ಉತ್ತರ ಸಿಗದ ಪ್ರಾರ್ಥನೆ ಬಹಳ ಕಡಿಮೆ.

ನನ್ನ ಪ್ರಾರ್ಥನೆಯ ಸಂಗತಿ ಬೇರೆ. ಏಳು ವರ್ಷದವನಿದ್ದಾಗಲೇ ನಾನು ಸಭಾಪಾಲಕ ಅಯ್ಯನೋರ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಅವರು ಕನ್ನಡದಲ್ಲಿ ಶುರುಮಾಡಿ, ಕಾವೇರಿದಂತೆಲ್ಲ ತಮಗೇ ತಿಳಿಯದೆ ತೆಲುಗಿಗೆ ದಾಟಿ, “ಪ್ರಭುವಾ, ಪ್ರಭುವಾ” ಎಂದು ಮೇಲಕ್ಕೇರಿ, ಬೆವರು ಒರೆಸಿಕೊಂಡು ಮತ್ತೆ ಕನ್ನಡಕ್ಕೆ ಇಳಿಯುತ್ತಾರೆ. ನಾನೂ ಹಾಗೇ ಏರಿ ಇಳಿಯುತ್ತಿದ್ದೆ, ಬೆವರಿಲ್ಲದಿದ್ದರೂ ಹಣೆ ಒರೆಸಿಕೊಳ್ಳುತ್ತಿದ್ದೆ. ಮನೆಗೆ ಬಂದವರು ಕಣ್ಣೊರೆಸಿಕೊಂಡು, “ಹುಡುಗನ ಮ್ಯಾಲ ಆತ್ಮ ಬಂದೈತ್ರಿ” ಎನ್ನುತ್ತಿದ್ದರು. ಅಮ್ಮ ಮಾತ್ರ, “ಆತ್ಮ ಅಲ್ರಿ, ಅಯ್ಯನೋರು ಬಂದಾರ” ಅನ್ನುತ್ತಿದ್ದಳು.

ಆಮೇಲೆ ಸಂಗ್ರಹ ಬೆಳೆಯಿತು. ಒಂದು ನಿಮಿಷಕ್ಕೆ ನಲವತ್ತು ಸಲ “ಅಪ್ಪಾ ತಂದೆಯೇ” ಅನ್ನುವ ಕರುಣಮ್ಮ ಅಕ್ಕ ಸೇರಿದರು. ಪಾಠ ಹೇಳುವ ಹಾಗೆ ಪ್ರಾರ್ಥನೆ ಮಾಡಿ ದೇವರಿಗೂ ಟಿಪ್ಪಣಿ ಬರೆದುಕೊಳ್ಳಲು ಸಮಯ ಕೊಡುವ ಕಾಲೇಜು ಮೇಷ್ಟ್ರು ವಿನೋದ್ ಸರ್ ಸೇರಿದರು. ಹೀಗೆ ಇಪ್ಪತ್ತನಾಲ್ಕು ವರ್ಷಕ್ಕೆ ನನ್ನ ಹತ್ತಿರ ಪ್ರಾರ್ಥನೆಗೆ ಹನ್ನೆರಡು ದನಿ ಇದ್ದವು. ಅವುಗಳಲ್ಲಿ ನನ್ನದು ಯಾವುದು ಎಂದು ಮಾತ್ರ ಕೇಳಬೇಡಿ. ಜೀನ್ಸಿನ ಶೆಡ್ಡಿನಲ್ಲಿ ಕೆಲಸ ಮಾಡುವವನ ಸ್ವಂತ ಪ್ಯಾಂಟು ಯಾವಾಗಲೂ ಹರಿದೇ ಇರುತ್ತದೆ.

ಈ ಹನ್ನೆರಡರಲ್ಲಿ ಅತಿ ಕಷ್ಟದ ದನಿ ಯೋಹಾನಪ್ಪ ತಾತನದು.

ಯೋಹಾನಪ್ಪ ತಾತ ಕುರುಗೋಡಿನವರು. ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಪ್ರತಿ ಭಾನುವಾರ ಬಸ್ಸು ಹತ್ತಿ ಬಳ್ಳಾರಿಯ ನಮ್ಮ ಸಭೆಗೆ ಬರುತ್ತಾರೆ. ಆರಾಧನೆಯಲ್ಲಿ ಹಾಡು, ವಾಚನ, ಬೋಧನೆ ಎಲ್ಲ ಮುಗಿದ ಮೇಲೆ ಎಲ್ಲರಿಗಾಗಿ ಮಾಡುವ ದೊಡ್ಡ ಪ್ರಾರ್ಥನೆ ಒಂದಿದೆ. ಅದು ಅವರ ಪಾಲಿನದು. ಅವರು ಎದ್ದು ನಿಲ್ಲುತ್ತಾರೆ, ಕಣ್ಣು ಮುಚ್ಚುತ್ತಾರೆ. ಎಡಗೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಹೊಸದಾಗಿ ಬಂದವರು ಅದನ್ನು ಸ್ತೋತ್ರದ ಕೈ ಅಂದುಕೊಳ್ಳುತ್ತಾರೆ. ಅದು ಬಸ್ಸಿನ ಮೇಲಿನ ಕಂಬಿ ಹಿಡಿಯುವ ಕೈ ಎಂದು ನಮಗೆಲ್ಲ ಗೊತ್ತು.

ಆಮೇಲೆ ಪ್ರಾರ್ಥನೆ ಬಳ್ಳಾರಿಯಿಂದ ಹೊರಡುತ್ತದೆ. ಹೌದು, ಬಸ್ಸಿನ ಹಾಗೆಯೇ ಸ್ಟೇಜಿನಿಂದ ಸ್ಟೇಜಿಗೆ. ಯಾವ ಊರಿನಲ್ಲಿ ನಮ್ಮ ಸಭೆಯ ಯಾವ ಮನೆ ಇದೆಯೋ, ಆ ಮನೆಯಲ್ಲಿ ಯಾರಿಗೆ ಏನು ಬೇನೆಯೋ, ದಾರಿಯ ಕ್ರಮದಲ್ಲಿ ಒಂದೊಂದೇ ಬರಬೇಕು. “ಸತ್ಯನಾರಾಯಣಪೇಟಿ, ಸ್ವಾಮಿ. ಸುಗುಣಮ್ಮನ ಮೊಣಕಾಲು ನೋಡು. ಆಕಿ ಗಂಡ ಸುಂದರಪ್ಪ ಏಣಿ ಹತ್ತುವಾಗ ಕೆಳಗ ನೀನ ಹಿಡಕೋ. ಆಕಿ ಮಗ ಸಾಮ್ಯಾ, ಅವನ ನಾಲಿಗಿಗೆ ಒಂದು ಒಳ್ಳೆ ಕೆಲಸ ಕೊಡು.” ಇಷ್ಟಾದ ಮೇಲೆ ಬಸ್ಸು ಮುಂದಕ್ಕೆ. ಕುರುಗೋಡಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಅದು ಅವರ ಊರು. ಅಲ್ಲಿ ಸಭೆಯವರಷ್ಟೇ ಅಲ್ಲ, ಪಕ್ಕದ ಮನೆಯ ಬಸಮ್ಮನ ಎಮ್ಮೆಯ ಕೆಚ್ಚಲು ಬಾವು ಕೂಡ ದೇವರಿಗೆ ಮುಟ್ಟುತ್ತದೆ. ಅಲ್ಲಿಂದ ತೆಕ್ಕಲಕೋಟೆ. ಕೊನೆಗೆ ಸಿರುಗುಪ್ಪ, ಅಲ್ಲಿಯ ಮೂರು ಮನೆ, ಆಮೆನ್. ಒಟ್ಟು ಇಪ್ಪತ್ತು ನಿಮಿಷ. ಮಕ್ಕಳು ಕುರುಗೋಡಿನಲ್ಲಿ ಮಲಗಿ ಸಿರುಗುಪ್ಪದಲ್ಲಿ ಏಳುತ್ತಿದ್ದರು. ತೆಕ್ಕಲಕೋಟೆ ಎಂಬ ಮಾತು ಕಿವಿಗೆ ಬಿದ್ದರೆ ಹೆಂಗಸರು ಕಣ್ಣು ಮುಚ್ಚಿಕೊಂಡೇ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದರು.

ಮೋಕದಿಂದ ಬರುವ ಅಣ್ಣನೊಬ್ಬ ಒಂದು ಸಲ ಅವರನ್ನು ಅಡ್ಡಗಟ್ಟಿದ. “ತಾತ, ಮೂರು ವರ್ಷದಿಂದ ನೋಡಾಕತ್ತೀನಿ, ನಮ್ಮ ಮನಿಗೆ ಪ್ರಾರ್ಥನಿ ಇಲ್ಲೇನ್ರಿ?”

ತಾತ ನಿಜವಾಗಿ ಕಕ್ಕಾಬಿಕ್ಕಿಯಾದರು. “ಮೋಕ ನನ್ನ ರೂಟ್ ಅಲ್ಲಲ್ಲಪಾ!”

ಮುಂದಿನ ವಾರದಿಂದ ಸಿರುಗುಪ್ಪದ ಆಮೆನ್ ಆದ ಮೇಲೆ, ಉಸಿರು ತೆಗೆದುಕೊಂಡು, ಮೋಕಕ್ಕೆ ಒಂದು ಬೇರೆ ಚಿಕ್ಕ ಪ್ರಾರ್ಥನೆ ಬಿಟ್ಟರು. ನಾವು ಹುಡುಗರು ಅದಕ್ಕೆ ಮೋಕ ಸ್ಪೆಷಲ್ ಎಂದು ಹೆಸರಿಟ್ಟೆವು.

ನಮ್ಮ ಸಭೆಯವರಿಗೆ ದೇವರ ಮೇಲಿರುವ ಭರವಸೆಯೂ ಬಸ್ಸಿನ ಮೇಲಿರುವ ಭರವಸೆಯಂಥದ್ದೇ. ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಯಾವಾಗ ಎಂದು ಕೇಳಿದರೆ ಅಕ್ಕಪಕ್ಕದವರ ಮುಖ ನೋಡುತ್ತಾರೆ. ಅಲ್ಲಿಯವರೆಗೂ ನಿಲ್ದಾಣದಲ್ಲಿ ಕೂತು ಒಬ್ಬರಿಗೊಬ್ಬರು ಕಡಲೆಕಾಯಿ ಹಂಚುತ್ತಾರೆ. ಇದನ್ನು ನಾನು ತಮಾಷೆಗೆ ಹೇಳುತ್ತಿದ್ದೇನೆ, ಆದರೆ ಇದಕ್ಕಿಂತ ಒಳ್ಳೆಯ ಭರವಸೆ ನನಗೂ ಗೊತ್ತಿಲ್ಲ.

ಇರಲಿ, ನನ್ನ ಪಾಪಕ್ಕೆ ಬರುತ್ತೇನೆ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟು ಹೋಗಿತ್ತು. ಮಿಷನ್ನುಗಳೆಲ್ಲ ನಿಂತಿದ್ದವು. ಜೊತೆಯವರು, “ಲೇ ಸಾಮ್ಯಾ, ಆ ಬಸ್ ಪ್ರಾರ್ಥನಿ ಮಾಡಲೇ” ಎಂದರು. ಮಾಡಿದೆ. ಮಾಡಿದ್ದಷ್ಟೇ ಅಲ್ಲ, ಒಗ್ಗರಣೆಯನ್ನೂ ಹಾಕಿದೆ. ಪ್ರತಿ ಊರಿನ ಕೊನೆಗೆ “ರೈಟ್ ರೈಟ್” ಎಂದೆ, ಬಾಗಿಲು ಬಡಿದೆ, ನಡುವೆ ಕೋಳಿ ಹಿಡಿದು ಹತ್ತುವ ಮುದುಕಿಯೊಬ್ಬಳನ್ನೂ ತಂದೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಸಂಜೆಗೆ ಅದು ನಮ್ಮ ಸಭೆಯ ಯುವಕರ ವಾಟ್ಸಾಪ್ ಗುಂಪಿಗೆ ಬಂತು. ಮಾರನೆಯ ದಿನ ಹಿರಿಯರ ಗುಂಪಿಗೆ. ಅದರ ಮಾರನೆಯ ದಿನ ಕರುಣಮ್ಮ ಅಕ್ಕ ನನಗೇ ಕಳಿಸಿದರು, “ಸಾಮ್ಯಾ, ಯಾರೋ ಬಾಳ ಚಂದ ಮಾಡ್ಯಾರ ನೋಡು, ನಿನಗಿಂತ ಚಂದ” ಎಂಬ ಮಾತಿನೊಂದಿಗೆ. ಹೆಮ್ಮೆಪಡಬೇಕೋ ಬೇಡವೋ ತಿಳಿಯದೆ ನಾನು ಕೈಮುಗಿಯುವ ಚಿತ್ರವೊಂದನ್ನು ಕಳಿಸಿದೆ.

ಆ ಭಾನುವಾರ ಬೋಧನೆ ಮುಗಿಯಿತು. ಅಯ್ಯನೋರು ಎಂದಿನಂತೆ, “ಯೋಹಾನಪ್ಪನೋರು ಪ್ರಾರ್ಥನೆಯಲ್ಲಿ ನಮ್ಮನ್ನು ನಡೆಸುತ್ತಾರೆ” ಎಂದರು. ತಾತ ಏಳಲಿಲ್ಲ. ಅಯ್ಯನೋರು ಮತ್ತೊಮ್ಮೆ ಹೆಸರು ಕರೆದರು. ತಾತ ತಲೆ ತಗ್ಗಿಸಿಕೊಂಡೇ ಹೇಳಿದರು: “ಬ್ಯಾಡ್ರಿ ಅಯ್ಯನೋರೆ. ಬ್ಯಾರೇರು ಮಾಡ್ಲಿ.”

ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಅದನ್ನು ಕೇಳಿ ಹೆಚ್ಚು ನಕ್ಕವರೇ ಹೆಚ್ಚು ಸಿಟ್ಟಿನಿಂದ ನೋಡಿದರು. ನಾನು ಫ್ಯಾನಿನ ಕೆಳಗೇ ಕೂತಿದ್ದೆ. ಆದರೂ ಅವತ್ತು ನನ್ನ ಹಣೆಯಲ್ಲಿ ನಿಜವಾದ ಬೆವರು ಬಂತು.

ತಾತನ ಬದಲಿಗೆ ವಿನೋದ್ ಸರ್ ಎದ್ದರು. “ಎಲ್ಲ ರೋಗಿಗಳನ್ನೂ, ಎಲ್ಲ ಪ್ರಯಾಣಿಕರನ್ನೂ, ಎಲ್ಲ ವಿಧವೆಯರನ್ನೂ, ಆಳುವವರೆಲ್ಲರನ್ನೂ” ಎಂದು ಎರಡು ನಿಮಿಷದಲ್ಲಿ ಮುಗಿಸಿಬಿಟ್ಟರು. ಬಹಳ ಶುದ್ಧವಾದ ಪ್ರಾರ್ಥನೆ. ತಪ್ಪು ಹುಡುಕಲು ಬರುವಂತಿಲ್ಲ. ಇಷ್ಟು ವರ್ಷ ತಾತನ ಇಪ್ಪತ್ತು ನಿಮಿಷಕ್ಕೆ ಗೊಣಗಿದ ಜನ ಹದಿನೆಂಟು ನಿಮಿಷ ಮುಂಚೆ ಹೊರಗೆ ಬಂದು, ಬೇವಿನ ಮರದ ಕೆಳಗೆ ಏನೋ ಕಳೆದುಕೊಂಡವರಂತೆ ನಿಂತಿದ್ದರು.

ದಾರಿಯಲ್ಲಿ ಅಮ್ಮ ಕೇಳಿದಳು: “ಎಲ್ಲಾ ರೋಗಿಗಳು ಅಂದ್ರ ಅದರಾಗ ನಾನೂ ಬರ್ತೀನೇನಲೇ?”

“ಬರ್ತೀಯಮ್ಮ.”

“ದೇವರಿಗೆ ಹೆಂಗ ಗೊತ್ತಾಗಬೇಕು, ಎಡಗಾಲೋ ಬಲಗಾಲೋ ಅಂತ?”

“ಆತನಿಗೆ ಎಲ್ಲಾ ಗೊತ್ತಿರ್ತೈತಿ.”

“ನಿನಗ ಗೊತ್ತೈತೇನು?”

ನನಗೆ ಗೊತ್ತಿರಲಿಲ್ಲ. ಅಮ್ಮ ಕುಂಟುವುದನ್ನು ನಾನು ಚೆನ್ನಾಗಿ ಮಾಡಿ ತೋರಿಸಬಲ್ಲೆ, ನೆಂಟರ ಮನೆಯಲ್ಲಿ ಮಾಡಿಯೂ ಇದ್ದೇನೆ. ಆದರೆ ಯಾವ ಕಾಲು ಎಂದು ಒಮ್ಮೆಯೂ ಗಮನಿಸಿರಲಿಲ್ಲ.

ಎರಡನೆಯ ಭಾನುವಾರವೂ ತಾತ ಏಳಲಿಲ್ಲ. ಮೂರನೆಯ ಭಾನುವಾರ ಅವರು ಬರಲೇ ಇಲ್ಲ. ಅವರ ಕುರ್ಚಿಯಲ್ಲಿ ಯಾರೂ ಕೂರದೆ, ಅದರ ಮೇಲೆ ಹಾಡಿನ ಪುಸ್ತಕ ಇಟ್ಟರು. ಮೋಕದ ಅಣ್ಣ ನನ್ನ ಪಕ್ಕದಲ್ಲಿ ಹಾದುಹೋಗುತ್ತ, “ಲೇ, ನಿನ್ನ ದೆಸಿಯಿಂದ ನನ್ನ ಸ್ಪೆಷಲ್ಲೂ ಬಂದ್ ಆತು” ಎಂದ.

ಆ ಸಂಜೆ ಅಮ್ಮ ಜೀನ್ಸಿನ ದಿಂಬಿನ ಮೇಲೆ ಮಂಡಿಯೂರಿದಳು. “ಕರ್ತನೇ, ಈ ಮನಿಯಾಗ ಒಬ್ಬ ಅದಾನ. ಎಲ್ಲಾರ ಬಾಯಿ ಅವನ ಬಾಯಾಗ ಐತಿ. ಅವನ ದೆಸಿಯಿಂದ ಒಬ್ಬ ದೊಡ್ಡ ಮನಷ್ಯಾನ ಬಾಯಿ ಮುಚ್ಚೇತಿ. ನಾಳೆ ಸೋಮವಾರ ಕುರುಗೋಡಿಗೆ ಎಂಟಕ್ಕ ಬಸ್ಸೈತಿ ಅಂತ ಅವನಿಗೆ ನೆನಪು ಮಾಡು, ತಂದೆಯೇ.”

“ಎಂಟೂವರೆಗೂ ಒಂದೈತಿ, ಸ್ವಾಮಿ,” ಎಂದ ಅಪ್ಪ.

ಆಮೆನ್ ಎನ್ನದೆ ಗತಿಯಿರಲಿಲ್ಲ.

ಬಸ್ಸಿನಲ್ಲಿ ಕುರುಗೋಡಿನ ತನಕ ಕ್ಷಮೆ ಕೇಳುವ ಮಾತನ್ನು ಬಾಯಿಪಾಠ ಮಾಡಿದೆ. ಒಳ್ಳೆಯ ಮಾತು, ಎರಡು ವಚನಗಳನ್ನೂ ಸೇರಿಸಿದ್ದೆ. ತಾತನ ಮನೆ ಮುಟ್ಟಿದಾಗ ಅವರು ಪಡಸಾಲೆಯಲ್ಲಿ ಮಂಚಕ್ಕೆ ಹೊಸ ನವಾರು ಪಟ್ಟಿ ಬಿಗಿಯುತ್ತಿದ್ದರು. ಪಟ್ಟಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, “ಜಗ್ಗಿ ಹಿಡಿ” ಎಂದರು. ಹಿಡಿದುಕೊಂಡೇ ನಾನು ಶುರುಮಾಡಿದೆ: “ಪ್ರಿಯರೇ, ನಾನು ಮನಸ್ಸಿನಲ್ಲಿ ನೊಂದವನಾಗಿ, ಮುರಿದ ಹೃದಯದಿಂದ...”

ತಾತ ತಲೆಯೆತ್ತಿ ನನ್ನ ಹಿಂದೆ ನೋಡಿದರು. “ಅಯ್ಯನೋರೂ ಬಂದಾರೇನಲೇ?”

ಸತ್ಯವಾಗಿ ಹೇಳುತ್ತೇನೆ, ನಾನು ಬೇಕೆಂದು ಮಾಡಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದರೆ ಅಯ್ಯನೋರ ದನಿಯೇ ಬಂದಿತ್ತು. ಅಂಥ ಕೆಲಸಕ್ಕೆ ನಾನು ಅದುವರೆಗೆ ಸ್ವಂತ ದನಿ ಬಳಸಿದವನೇ ಅಲ್ಲ.

“ತಪ್ಪಾತು ತಾತ,” ಎಂದೆ. ಬಾಯಿಪಾಠದ ಉಳಿದದ್ದೆಲ್ಲ ಮರೆತುಹೋಗಿತ್ತು. “ನೀವು ಮತ್ತ ಪ್ರಾರ್ಥನಿ ಮಾಡ್ಬೇಕ್ರಿ. ಅಮ್ಮನ ಕಾಲಿಗೆ ಯಾರೂ ಇಲ್ಲದಂಗಾಗೇತಿ.”

“ಮಾಡು,” ಎಂದರು.

“ಏನ್ರಿ?”

“ಅದ. ಫೋನಿನ್ಯಾಗ ಮಾಡೀದೆಲ್ಲ. ನನ್ನ ಮುಂದ ಮಾಡು.”

“ಬ್ಯಾಡ್ರಿ ತಾತ.”

“ಲೇ, ಊರಿಗೆಲ್ಲಾ ಮಾಡೀದಿ, ನನಗೊಬ್ಬನಿಗೆ ಬಿಗುಮಾನ ಏನು? ಮಾಡು. ನವಾರು ಸಡ್ಲ ಬಿಡಬ್ಯಾಡ.”

ಎರಡೂ ಕೈಯಲ್ಲಿ ಪಟ್ಟಿ ಹಿಡಿದುಕೊಂಡು, ರೈಟ್ ರೈಟ್ ಇಲ್ಲದೆ, ಕೋಳಿಯ ಮುದುಕಿ ಇಲ್ಲದೆ ಮಾಡಿದೆ. ತಾತ ಕಣ್ಣು ಮುಚ್ಚಿ ಕೇಳಿದರು. ನಡುನಡುವೆ ತಿದ್ದಿದರು ಕೂಡ. “ಬಸಮ್ಮನ ಎಮ್ಮಿ ಬಿಟ್ಟಿ,” ಎಂದರು. ಎಮ್ಮೆ ಸೇರಿಸಿದೆ. “ಕುರುಗೋಡಿನ್ಯಾಗ ಅಷ್ಟು ಲಗೂ ಬಿಡಬ್ಯಾಡ,” ಎಂದರು. ನಿಧಾನಿಸಿದೆ. ತೆಕ್ಕಲಕೋಟೆ ಮುಗಿಸಿ, ಅವರ ಹಾಗೆಯೇ ಒಂದು ಉಸಿರು ಎಳೆದು, “ಸಿರುಗುಪ್ಪ, ಸ್ವಾಮಿ” ಎಂದೆ.

“ಹೋಲ್ಡಾನ್,” ಎಂದರು ತಾತ.

ನಾನು ನಿಂತೆ.

“ತೆಕ್ಕಲಕೋಟಿ ಆದಮ್ಯಾಲ?”

“ಸಿರುಗುಪ್ಪ.”

“ನಡುವ?”

“ನಡುವ ಏನೂ ಇಲ್ರಿ ತಾತ. ನೀವು ಹಂಗ ಮಾಡ್ತೀರಿ.”

“ಅದ ನೋಡು,” ಎಂದರು. “ನಾನ ಹಂಗ ಮಾಡ್ತೀನಿ.”

ಅವರ ಕೈಯಲ್ಲಿದ್ದ ಪಟ್ಟಿ ಸಡಿಲವಾಯಿತು. ಆಮೇಲೆ ಅವರು ಹೇಳಿದ್ದು ಇಷ್ಟು. ಸಿರುಗುಪ್ಪಕ್ಕೆ ಮುಂಚೆ ದೇಶನೂರು ಬರುತ್ತದೆ. ಅಲ್ಲಿ ಅವರ ತಮ್ಮ ಪೇತ್ರಪ್ಪ ಇದ್ದಾರೆ, ಭತ್ತದ ಗದ್ದೆ ಮಾಡುತ್ತಾರೆ. ತಮ್ಮ ಮೊದಲು ಇವರದೇ ಸಭೆಯಲ್ಲಿದ್ದು, ಆಮೇಲೆ ಚಪ್ಪಾಳೆ ತಟ್ಟಿ ಹಾಡುವ ಬೇರೊಂದು ಸಭೆಗೆ ಹೋದರು. ಅದಕ್ಕೂ ಅಣ್ಣ ಹೇಗೋ ಸುಮ್ಮನಿದ್ದರು. ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ದೇಶನೂರಿನ ಸಮಾಧಿಯ ಹತ್ತಿರ ಯೋಹಾನಪ್ಪ ತಾತ ನಮ್ಮ ಸಭೆಯ ಅಯ್ಯನೋರನ್ನು ಕರೆದುಕೊಂಡು ಹೋದರು, ಪೇತ್ರಪ್ಪ ಆ ಸಭೆಯ ಅಯ್ಯನೋರನ್ನು ಕರೆದುಕೊಂಡು ಬಂದರು. ನಮ್ಮ ಅಯ್ಯನೋರು ಮುಗಿಸುವ ತನಕ ಅವರು ಕಾಯಲಿಲ್ಲ. ಅವರು ಶುರುಮಾಡಿದರೆಂದು ಇವರು ನಿಲ್ಲಿಸಲಿಲ್ಲ. ಎರಡೂ ಕಡೆಯವರು ದನಿ ಏರಿಸುತ್ತ ಹೋದರು, ಆಮೆನ್ ಮಾತ್ರ ಯಾರೂ ಅನ್ನಲಿಲ್ಲ.

“ಬಿಸಲಾಗ ನಮ್ಮವ್ವನ ಪೆಟ್ಟಿಗಿ ಹಂಗ ಇಟ್ಟಿದ್ವಿ,” ಎಂದರು ತಾತ. “ಕಡೀಕೆ ಗುಂಡಿ ತೋಡಿದ ಆಳು ಬೈದ. ‘ಯಾರರೆ ಒಬ್ಬರು ಮುಗಸ್ರಪಾ, ಮುದುಕಿ ಸುಡಾಕತ್ತಾಳ’ ಅಂದ. ಅವತ್ತು ಅವನ ಮುಖ ನಾ ನೋಡಲಿಲ್ಲ, ನನ್ನ ಮುಖ ಅವ ನೋಡಲಿಲ್ಲ. ಅಲ್ಲಿಂದ ನನ್ನ ಬಸ್ಸು ದೇಶನೂರಾಗ ನಿಂತಿಲ್ಲ.”

ಇದನ್ನು ಕೇಳುವಾಗ ನಗು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಇಬ್ಬರು ಅಯ್ಯನೋರ ದನಿಗಳೂ ಒಳಗೇ ತಯಾರಾಗಿಬಿಟ್ಟಿದ್ದವು. ಆದರೆ ತಾತನ ಮುಖ ನೋಡಿ ನುಂಗಿಕೊಂಡೆ.

“ನೀ ತಪ್ಪು ಮಾಡಿಲ್ಲಪಾ,” ಎಂದರು. “ನಾ ಹೆಂಗದೀನೋ ಹಂಗ ಮಾಡೀದಿ. ಮೂವತ್ತು ವರ್ಷದ ಸರ್ವೀಸಿನ್ಯಾಗ ಕೈ ಮಾಡಿದಾವನ್ನ ರೋಡಿನ್ಯಾಗ ಬಿಟ್ಟು ಹೋದಾವಲ್ಲ ನಾನು. ದೇವರ ಮುಂದ ನಿಂತು ಹನ್ನೊಂದು ವರ್ಷ ಒಡಹುಟ್ಟಿದಾವನ್ನ ಬಿಟ್ಟು ಹೋಗೀನಿ. ಗೊತ್ತಿರಲಿಲ್ಲ ಅಂತಲ್ಲ, ಕಿವಿಲೆ ಕೇಳಿರಲಿಲ್ಲ. ನೀ ಕೇಳಿಸಿದಿ. ಈಗ ಎದ್ದು ನಿಂತ್ರ ಅವನ ಹೆಸರು ಹೇಳಬೇಕು, ಇಲ್ಲಾ ಬಿಡಬೇಕು. ಹೇಳಾಕ ಬಾಯಿ ಬರವಲ್ದು. ಬಿಡಾಕ ಧೈರ್ಯ ಬರವಲ್ದು. ಅದಕ್ಕ ಕುಂತೀನಿ.”

ನನಗೆ ಮೊದಲು ಅನ್ನಿಸಿದ್ದು, ಸದ್ಯ ಬದುಕಿದೆ, ತಪ್ಪು ನನ್ನದಲ್ಲ ಎಂದು. ಎಂಟು ಗಂಟೆಯ ಬಸ್ಸಿನ ಪಶ್ಚಾತ್ತಾಪವೆಲ್ಲ ದಂಡವಾಯಿತಲ್ಲ ಎಂದೂ ಅನ್ನಿಸಿತು. ಅದರ ಹಿಂದೆಯೇ, ತಾತ ಇನ್ನು ಯಾವತ್ತೂ ಏಳುವುದಿಲ್ಲ ಎಂಬ ಭಯ ಬಂತು.

“ಹಂಗಾರ ನಡೀರಿ ತಾತ,” ಎಂದೆ.

“ಎಲ್ಲಿಗೆ?”

“ದೇಶನೂರಿಗೆ.”

“ಅವ ಬರ್ಲಿ. ಅವ ಸಣ್ಣಾವ.”

“ಅವರೂ ನಿಮ್ಮಂಗ ಬರ್ಲಿ ಅಂತ ಕುಂತಿದ್ರ?”

ಒಳಗಿನಿಂದ ಸೊಸೆಯ ದನಿ ಬಂತು: “ಹೋಗಿ ಬರ್ರಿ ಮಾವ! ಆ ಮನಿಯಿಂದ ಬಂದ ಮದುವಿ ಕಾರ್ಡೆಲ್ಲಾ ನಿಮಗ ಕಾಣದಂಗ ಮುಚ್ಚಿಟ್ಟು ಮುಚ್ಚಿಟ್ಟು ನನಗ ಸಾಕಾಗೇತಿ.”

ತಾತ ಒಳಗಿನ ಕಡೆ ತಿರುಗಿದರು. “ಕಾರ್ಡ್ ಬಂದಿದ್ವೇನು?”

“ಮೂರು ಬಂದಿದ್ವು. ನಿಮ್ಮ ಹೆಸರು ಮ್ಯಾಲ ಬರದಾರ, ಹಿರಿಯರು ಅಂತ.”

ತಾತ ಅಂಗಿ ಬದಲಿಸಿಕೊಂಡು ಬಂದರು.

ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಹಿಂದೆಯೇ ಕೂತರು. ಕಂಡಕ್ಟರ್ ಚಿಕ್ಕ ವಯಸ್ಸಿನವನು. ಅವನು ಟಿಕೆಟ್ ಮಿಷನ್ ಒತ್ತುವ ರೀತಿ, ಸೀಟಿ ಊದುವ ರೀತಿ, ನಿಲ್ಲುವ ರೀತಿ ಯಾವುದೂ ತಾತನಿಗೆ ಹಿಡಿಸಲಿಲ್ಲ. ತೆಕ್ಕಲಕೋಟೆಯವರೆಗೆ ಅವನನ್ನು ತಿದ್ದಿದರು. ತೆಕ್ಕಲಕೋಟೆ ದಾಟಿದ ಮೇಲೆ ಮಾತು ನಿಂತಿತು. ಎರಡೂ ಕಡೆ ಭತ್ತದ ಗದ್ದೆಗಳು, ಕಾಲುವೆ ನೀರು. ತಾತ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. “ಸಾಮ್ಯಾ,” ಎಂದರು ಮೆಲ್ಲಗೆ, “ಸೀದಾ ಸಿರುಗುಪ್ಪಕ್ಕ ಹೋಗಿ, ಒಂದು ಚಾ ಕುಡುದು, ತಿರುಗಿ ಬಂದುಬಿಡೋಣೇನು?”

ದೇಶನೂರಿನ ತಿರುವು ಕಾಣಿಸಿದಾಗ ಆ ಕಂಡಕ್ಟರನದೇ ದನಿಯಲ್ಲಿ ಕೂಗಿದೆ: “ದೇಶನೂರ್ ಇಳಿಯೋರು ಬಾಗಲಿಗೆ ಬರ್ರೀ!” ನಾಲಿಗೆ ಮಡಿಸಿ ಅವನದೇ ಸೀಟಿಯನ್ನೂ ಹಾಕಿದೆ. ಬಸ್ಸು ನಿಂತಿತು. ಹಿಂದಿನ ಬಾಗಿಲಿನ ಹತ್ತಿರವಿದ್ದ ಕಂಡಕ್ಟರ್ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. ಅವನಿಗೆ ಅರ್ಥವಾಗಿ ಬೈಯಲು ಶುರುಮಾಡುವಷ್ಟರಲ್ಲಿ ನಾವು ಕೆಳಗಿದ್ದೆವು.

ಪೇತ್ರಪ್ಪ ತಾತ ಮನೆಯ ಕಟ್ಟೆಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಕೂಡಿಸುತ್ತಿದ್ದರು. ಅಣ್ಣನದೇ ಮೂಗು, ಅಣ್ಣನದೇ ಅಗಲ ಕಿವಿ. ನೋಡಿದರು, ಎದ್ದರು. ಏನು ಮಾಡಬೇಕೆಂದು ತೋಚದೆ ಮತ್ತೆ ಕೂತರು. ಅವರ ಹೆಂಡತಿ ರಾಹೇಲಮ್ಮ ಬಾಗಿಲಿಗೆ ಬಂದು, “ಅಯ್ಯ, ಭಾವ ಬಂದಾರ!” ಎಂದು ಒಳಗೆ ಓಡಿ ಚೊಂಬಿನಲ್ಲಿ ನೀರು ತಂದರು.

ಮುಂದಿನ ಅರ್ಧ ಗಂಟೆ ಅಣ್ಣ ತಮ್ಮ ಇಬ್ಬರೂ ನನ್ನ ಜೊತೆ ಮಾತ್ರ ಮಾತಾಡಿದರು.

“ಚಾಕ್ಕ ಸಕ್ಕರಿ ಹಾಕಬೇಕೋ ಬ್ಯಾಡೋ ಕೇಳಪಾ ಅವರನ್ನ,” ಎಂದರು ಪೇತ್ರಪ್ಪ ತಾತ.

“ಹಾಕು ಅಂತ ಹೇಳು,” ಎಂದರು ಯೋಹಾನಪ್ಪ ತಾತ, ಅದೇ ಕಟ್ಟೆಯ ಮೇಲೆ, ಮೂರಡಿ ದೂರದಲ್ಲಿ.

“ಹಾಕ್ಬೇಕಂತ್ರಿ,” ಎಂದೆ ನಾನು. ದೇವರಿಗೆ ನಮ್ಮ ಮನೆಯಲ್ಲಿ ದಿನಾ ಎಷ್ಟು ಕೆಲಸ ಎಂದು ಅವತ್ತು ತಿಳಿಯಿತು.

ಚಹಾ ಬಂತು. ಪೇತ್ರಪ್ಪ ತಾತ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಆ ಬಸ್ಸಿನ ಪ್ರಾರ್ಥನಿ ಮಾಡಿದಾವ ನೀನ ಏನು?” ಎಂದರು.

ನನಗೆ ಚಹಾ ನೆತ್ತಿಗೇರಿತು. “ನಿಮಗೂ ಬಂತೇನ್ರಿ?”

“ನಮ್ಮ ಸಭಿಯಾಗೂ ಎಲ್ಲಾರೂ ಕೇಳ್ಯಾರ. ನಕ್ಕಾರ.” ಅವರು ಲೋಟದೊಳಗೆ ನೋಡುತ್ತ ಹೇಳಿದರು: “ನಾ ಮೂರು ಸಲ ಕೇಳಿದೆ. ಎಲ್ಲೆರೆ ನನ್ನ ಹೆಸರು ಐತೇನೋ ಅಂತ.”

ಒಳಗೆ ಒಲೆಯ ಮೇಲೆ ಅನ್ನದ ಎಸರು ಕುದಿಯುವ ಸದ್ದು ಕೇಳುತ್ತಿತ್ತು. ಯೋಹಾನಪ್ಪ ತಾತ ಲೋಟ ಕೆಳಗಿಟ್ಟು, “ನಡಿಯಪಾ ಸಾಮ್ಯಾ, ಬಸ್ಸಿಗೆ ಹೊತ್ತಾತು” ಎಂದು ಎದ್ದುಬಿಟ್ಟರು. ಬಂದ ಕೆಲಸ ಮಾಡದೆ ಹೋಗುತ್ತಾರಲ್ಲ ಎಂದುಕೊಳ್ಳುತ್ತ ನಾನೂ ಲೋಟ ಕೆಳಗಿಟ್ಟೆ.

ನಮ್ಮ ಜನರಲ್ಲಿ ಒಂದು ರೂಢಿಯಿದೆ. ವಿಶ್ವಾಸಿಯೊಬ್ಬ ಇನ್ನೊಬ್ಬರ ಮನೆಗೆ ಹೋದರೆ ಪ್ರಾರ್ಥನೆ ಮಾಡದೆ ಹೊರಡುವಂತಿಲ್ಲ. ಅವಸರದಲ್ಲಿದ್ದರೂ ಅಷ್ಟೇ, ಮುನಿಸಿದ್ದರೂ ಅಷ್ಟೇ. ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೇಳಲು ಹೋದವರೂ ಕಣ್ಣು ಮುಚ್ಚಿ ಎರಡು ಮಾತು ಆಡಿಯೇ ಹೆಪ್ಪು ತರುತ್ತಾರೆ. ರಾಹೇಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ದಾರಿಗೆ ಅಡ್ಡ ನಿಂತುಬಿಟ್ಟರು. “ಪ್ರಾರ್ಥನಿ ಮಾಡಿ ಹೋಗ್ರಿ ಭಾವ,” ಎಂದರು.

ಯೋಹಾನಪ್ಪ ತಾತ ನನ್ನ ಕಡೆ ನೋಡಿದರು. “ನೀ ಮಾಡು. ನನ್ನ ದನಿಲೇ ಮಾಡು, ಪರವಾಗಿಲ್ಲ.”

“ಇಲ್ರಿ ತಾತ, ನನಗ ತೆಕ್ಕಲಕೋಟಿ ಆದಮ್ಯಾಲ ಬರಂಗಿಲ್ಲ,” ಎಂದೆ.

ಪೇತ್ರಪ್ಪ ತಾತ ಕಣ್ಣು ಮುಚ್ಚಿ ಕೈಕಟ್ಟಿಕೊಂಡು ಕಾಯುತ್ತಿದ್ದರು. ಅವರ ಸಭೆಯವರಂತೆ ಚಪ್ಪಾಳೆ ತಟ್ಟಲಿಲ್ಲ, “ಹಲ್ಲೆಲೂಯ” ಎನ್ನಲಿಲ್ಲ. ಬಸ್ಸು ಬರುವ ದಾರಿಗೆ ಮುಖ ಮಾಡಿ ನಿಂತವರ ಹಾಗೆ ನಿಂತಿದ್ದರು.

ತಾತನ ಎಡಗೈ ಮೇಲಕ್ಕೆ ಹೋಯಿತು. ಬಳ್ಳಾರಿಯಿಂದಲೇ ಶುರುಮಾಡಿದರು. ಅಲ್ಲಿಂದಲೇ ಯಾಕೆಂದರೆ ಅವರಿಗೆ ನಡುದಾರಿಯಿಂದ ಹೊರಟು ಗೊತ್ತಿಲ್ಲ. ಮೂರು ವಾರ ಬಾಯಿ ಕಟ್ಟಿದ್ದ ದನಿ, ಮೊದಲಿಗೆ ಒಡೆದು ಒಡೆದು ಬಂತು. “ಸತ್ಯನಾರಾಯಣಪೇಟಿ, ಸ್ವಾಮಿ. ಸುಗುಣಮ್ಮನ ಎಡ ಮೊಣಕಾಲು ನೋಡು. ಮೂರು ವಾರ ಆತು ನಿನಗ ಹೇಳದ.” ಮೊದಲೆಲ್ಲ ಬರೀ ಮೊಣಕಾಲು ಎನ್ನುತ್ತಿದ್ದರು; ಎಡಗಾಲು ಎಂದು ನನಗೆ ಗೊತ್ತಾದದ್ದು ಹೀಗೆ, ಅರವತ್ತು ಕಿಲೋಮೀಟರು ಆಚೆಯ ಊರಿನಲ್ಲಿ. ಅಪ್ಪನ ಏಣಿ ಬಂತು. ನನ್ನ ಹೆಸರೂ ಬಂತು, ನನ್ನ ಬಗ್ಗೆ ದೇವರಿಗೆ ಏನು ಹೇಳಿದರೆಂದು ಇಲ್ಲಿ ಬರೆಯುವುದಿಲ್ಲ. ಕುರುಗೋಡು ಬಂತು. ಬಸಮ್ಮನ ಎಮ್ಮೆ ಗುಣವಾದದ್ದಕ್ಕೆ ಸ್ತೋತ್ರ ಹೇಳಿದರು. ತೆಕ್ಕಲಕೋಟೆಯ ಮನೆಗಳು ಒಂದೊಂದೇ ಹತ್ತಿ ಇಳಿದವು.

ಆಮೇಲೆ ಅವರು ಉಸಿರು ಎಳೆದುಕೊಂಡರು. ಆ ಉಸಿರಿನ ಉದ್ದ ನನಗೆ ಚೆನ್ನಾಗಿ ಗೊತ್ತು. ನೂರು ಸಲ ಮಾಡಿದ್ದೇನೆ. ಅವತ್ತು ಅದು ಅಲ್ಲಿಗೆ ಮುಗಿಯಲಿಲ್ಲ.

“ದೇಶನೂರು,” ಎಂದರು.

ಕೈ ಮೇಲೆಯೇ ಇತ್ತು. ನಾನು ಕಣ್ಣು ತೆರೆದು ನೋಡಿದೆ. ತಾತನ ತುಟಿಗಳು ಅಲುಗಾಡುತ್ತಿದ್ದವು, ಹೆಸರು ಹೊರಗೆ ಬರುತ್ತಿರಲಿಲ್ಲ. ಪೇತ್ರಪ್ಪ ತಾತ ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಿನಲ್ಲೇ, ದೇವರನ್ನು ಬಿಟ್ಟು, ನನ್ನನ್ನೂ ಬಿಟ್ಟು, ನೇರವಾಗಿ ಅಣ್ಣನನ್ನು ಕೇಳಿದರು:

“ಇಳೀತೀಯೇನಣ್ಣ, ಇಲ್ಲಾ ಮುಂದ ಹೋಗ್ತೀಯೋ?”

“ಇಳೀತೀನಿ, ಪೇತ್ರ್ಯಾ,” ಎಂದರು ತಾತ.

ರಾಹೇಲಮ್ಮ ಆಮೆನ್‌ಗೂ ಕಾಯದೆ, ಎಸರಿಗೆ ಇನ್ನೆರಡು ಬೊಗಸೆ ಅಕ್ಕಿ ಹಾಕಲು ಒಳಗೆ ಹೋದರು.